ಹಗಲಿನ ದುಡಿಮೆ, ಸಂಜೆಯ ತಾಲೀಮು: ಕಲಾವಿದರಿಗೆ ಒಗ್ಗುವ ಕೆಲಸ ಹುಡುಕುವ ದಾರಿ

ನಟನೆ, ಹಾಡು, ಕುಣಿತ, ಚಿತ್ರ, ಇವುಗಳಲ್ಲೊಂದನ್ನು ಗಟ್ಟಿಯಾಗಿ ಹಿಡಿಯಬೇಕು. ಅದು ಕೈಹಿಡಿಯುವ ತನಕ ಬಾಡಿಗೆಯೂ ಕಟ್ಟಬೇಕು. ಈ ಸ್ಥಿತಿಯಲ್ಲಿರುವವರೆಲ್ಲ ಹುಡುಕುವುದು ಬೇಕೆಂದಾಗ ಬಿಡುವು ಸಿಗುವ ಕೆಲಸ. ಹುಡುಕಾಟ, ಅರ್ಜಿ, ಸಂದರ್ಶನ, ಕಾಗದಪತ್ರ, ತರಬೇತಿ ಎಲ್ಲ ದಾಟಿ ಮೊದಲ ಸಂಬಳ ಬ್ಯಾಂಕಿಗೆ ಬರುವ ಹೊತ್ತಿಗೆ ಎಷ್ಟೋ ವಿಷಯ ಅರ್ಥವಾಗಿರುತ್ತದೆ, ಆದರೆ ಅಷ್ಟರಲ್ಲಿ ಎರಡು ಆಡಿಷನ್ ತಪ್ಪಿರುತ್ತದೆ. ಆ ಓಡಾಟ ಈಗಷ್ಟೇ ಮುಗಿದಿದೆ. ವಿವರ ಮರೆಯುವ ಮೊದಲು, ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ದಿನಕ್ಕೆ ಎಷ್ಟು ಗಂಟೆ ಕೆಲಸ ಅನ್ನುವುದು ಇಲ್ಲಿ ಎರಡನೆಯ ಪ್ರಶ್ನೆ. ಪಾಳಿಯನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ, ಎಷ್ಟು ದಿನ ಮುಂಚೆ ಹೇಳಿದರೆ ಬದಲಾಗುತ್ತದೆ ಅನ್ನುವುದು ಮೊದಲನೆಯದು. ವಾರಕ್ಕೆ ಇಪ್ಪತ್ತೇ ಗಂಟೆಯ ಕೆಲಸವಾದರೂ ಆ ಇಪ್ಪತ್ತು ಗಂಟೆ ಯಾವಾಗ ಎಂದು ಹಿಂದಿನ ರಾತ್ರಿ ತಿಳಿಯುವಂತಿದ್ದರೆ ಅದು ಕಲಾವಿದರಿಗೆ ಉಪಯೋಗವಿಲ್ಲ. ನಲವತ್ತು ಗಂಟೆಯ ಕೆಲಸ, ಆದರೆ ಪ್ರತಿದಿನ ಮಧ್ಯಾಹ್ನ ತಪ್ಪದೆ ಮುಗಿಯುತ್ತದೆ ಅಂತಾದರೆ ಅದರ ಮೇಲೆ ಒಂದು ಇಡೀ ನಾಟಕವನ್ನೇ ಕಟ್ಟಬಹುದು.

ಆದ್ದರಿಂದ ಕೆಲಸ ಹುಡುಕುವ ಮೊದಲು ನಿಮ್ಮ ಕಲೆಯ ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ. ಒಂದೊಂದು ಕಲೆಗೂ ಒಂದೊಂದು ಹೊತ್ತು. ಸಿನಿಮಾ, ಧಾರಾವಾಹಿ, ಜಾಹೀರಾತಿನ ಆಡಿಷನ್ ಕರೆ ಬರುವುದು ಒಂದೆರಡು ದಿನ ಮುಂಚೆ, ಕೆಲವೊಮ್ಮೆ ಹಿಂದಿನ ಸಂಜೆ. ಸಮಯ ಮಾತ್ರ ಹೆಚ್ಚಾಗಿ ಹಗಲು. ಈಗ ಮೊದಲ ಸುತ್ತನ್ನು ಮನೆಯಲ್ಲೇ ವಿಡಿಯೊ ಮಾಡಿ ಕಳಿಸುವ ರೂಢಿ ಬೆಳೆದಿರುವುದರಿಂದ ಈ ಒತ್ತಡ ಸ್ವಲ್ಪ ಇಳಿದಿದೆ. ಆದರೆ ಎರಡನೆಯ ಸುತ್ತಿಗೆ ಖುದ್ದು ಹೋಗಲೇಬೇಕು, ಅದಕ್ಕೆ ಬದಲಿ ದಿನ ಕೇಳಿದರೆ ಬಹಳ ಸಲ ಸಿಗುವುದಿಲ್ಲ. ರಂಗಭೂಮಿಯದು ಇದಕ್ಕೆ ತಿರುವುಮುರುವು. ತಾಲೀಮಿನ ದಿನಗಳು ವಾರಗಟ್ಟಲೆ ಮುಂಚೆಯೇ ಗೊತ್ತಿರುತ್ತವೆ, ಬಹುತೇಕ ಸಂಜೆ ಹೊತ್ತು, ಮೂರು ಗಂಟೆಗಳ ಕಾಲ. ಕೊನೆಯ ವಾರ ಮಾತ್ರ ಬೆಳಕು, ಧ್ವನಿ, ಗ್ರ್ಯಾಂಡ್ ರಿಹರ್ಸಲ್ ಎಂದು ಇಡೀ ದಿನಗಳೇ ಹೋಗುತ್ತವೆ. ಸಂಗೀತಗಾರರಿಗೆ ಕಾರ್ಯಕ್ರಮ ಬೀಳುವುದು ಸಂಜೆ ಮತ್ತು ವಾರಾಂತ್ಯ. ಸಾಧನೆಗೆ ಬೇಕಾದದ್ದು ದಣಿಯದ ಬೆಳಗಿನ ಹೊತ್ತು. ಚಿತ್ರ ಬರೆಯುವವರಿಗೆ ಬೇಕಾದದ್ದು ಹಗಲು ಬೆಳಕಿನಲ್ಲಿ ನಾಲ್ಕೈದು ಗಂಟೆಯ ಮುರಿಯದ ಹೊತ್ತು. ಅಲ್ಲೊಂದು ಇಲ್ಲೊಂದು ಗಂಟೆ ಸಿಕ್ಕರೆ ಬಣ್ಣ ಕಲಸುವುದರಲ್ಲೇ ಮುಗಿಯುತ್ತದೆ. ಸೆರಾಮಿಕ್ ಮಾಡುವವರ ಕಷ್ಟವೇ ಬೇರೆ. ವಿದ್ಯುತ್ ಗೂಡಿನಲ್ಲಿ ಮೊದಲ ಸುಡುವಿಕೆಗೆ ಸಾಮಾನ್ಯವಾಗಿ 8ರಿಂದ 12 ಗಂಟೆ, ಆರಲು ಮತ್ತೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಪಾಳಿಗೆ ಹೊತ್ತಾಯಿತೆಂದು ಬಿಸಿ ಗೂಡಿನ ಬಾಗಿಲು ತೆರೆದರೆ ಪಾತ್ರೆ ಬಿರುಕು ಬಿಡುತ್ತದೆ.

ಈ ಪಟ್ಟಿ ಮುಂದಿಟ್ಟುಕೊಂಡು ನೋಡಿದಾಗ ಒಂದು ಅಚ್ಚರಿ ಕಾದಿರುತ್ತದೆ: ಸಂಜೆ ರಂಗತಾಲೀಮು ಇರುವವರಿಗೆ ಒಂಬತ್ತರಿಂದ ಐದರ ಗಟ್ಟಿ ನೌಕರಿಯೇ ಎಲ್ಲಕ್ಕಿಂತ ಅನುಕೂಲ. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ದುಡಿದರು, ಅದೇ ವರ್ಷಗಳಲ್ಲಿ ಮದ್ರಾಸ್ ಪ್ಲೇಯರ್ಸ್ ಹವ್ಯಾಸಿ ತಂಡದ ಜೊತೆ ನಾಟಕವನ್ನೂ ಮಾಡಿದರು. ಲೇಖಕ ಫ್ರಾಂಜ್ ಕಾಫ್ಕಾ 1907ರಲ್ಲಿ ಸೇರಿದ ಮೊದಲ ವಿಮಾ ಕಂಪನಿಯಲ್ಲಿ ಸಂಜೆಯವರೆಗೂ ಕೂರಬೇಕಿತ್ತು, ಬರೆಯಲು ಹೊತ್ತೇ ಸಿಗುತ್ತಿರಲಿಲ್ಲ. ಒಂದು ವರ್ಷ ತುಂಬುವ ಮೊದಲೇ ಅದನ್ನು ಬಿಟ್ಟು ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆ ಸೇರಿದ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಮನೆ. 1922ರಲ್ಲಿ ಕಾಯಿಲೆಯಿಂದ ನಿವೃತ್ತನಾಗುವವರೆಗೂ ಅದೇ ಸಂಸ್ಥೆಯಲ್ಲಿದ್ದ. ಎರಡೂ ವಿಮೆಯ ಕೆಲಸವೇ, ಬದಲಾದದ್ದು ಮನೆಗೆ ಬರುವ ಹೊತ್ತು ಮಾತ್ರ.

ಹೊತ್ತಿನ ಲೆಕ್ಕ ಆದಮೇಲೆ ಮೈಯ ಲೆಕ್ಕ. ಕೆಲಸ ನಿಮ್ಮ ಯಾವ ಅಂಗವನ್ನು ದುಡಿಸುತ್ತದೆ? ಹಾಡುವವರು, ನಟರು ಕಾಲ್ ಸೆಂಟರಿಗೆ ಹೋಗುವ ಮುನ್ನ ಎರಡು ಸಲ ಯೋಚಿಸಬೇಕು, ದಿನಕ್ಕೆ ಆರೇಳು ಗಂಟೆ ಮಾತಾಡಿದ ಗಂಟಲಿನಲ್ಲಿ ಸಂಜೆ ತಾರಸ್ಥಾಯಿ ಮುಟ್ಟುವುದು ಕಷ್ಟ. ಗದ್ದಲದ ಹೋಟೆಲೂ ಅಷ್ಟೇ ಅಪಾಯ. ಸುತ್ತ ಸದ್ದು ಹೆಚ್ಚಾದಾಗ ಮನುಷ್ಯ ತನಗೇ ತಿಳಿಯದಂತೆ ದನಿ ಏರಿಸುತ್ತಾನೆ. ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದರ ಬಗ್ಗೆ ಬರೆದ ಮೇಲೆ ಇದಕ್ಕೆ ಅವನ ಹೆಸರೇ ನಿಂತಿದೆ. ತಿಳಿಯದೆ ಆಗುವ ಕೆಲಸವಾದ್ದರಿಂದ 'ನಾನು ಮೆಲ್ಲಗೆ ಮಾತಾಡುತ್ತೇನೆ' ಎಂಬ ನಿರ್ಧಾರ ಅರ್ಧ ಗಂಟೆಯೂ ಉಳಿಯುವುದಿಲ್ಲ. ಪಿಟೀಲು, ವೀಣೆ, ತಬಲಾದವರಿಗೆ ದಿನವಿಡೀ ಟೈಪಿಂಗ್ ಮಾಡುವ ಡೇಟಾ ಎಂಟ್ರಿ ಕೆಲಸ ಮಣಿಕಟ್ಟಿಗೆ ದುಬಾರಿ. ಕುಣಿಯುವವರು ಎಂಟು ಗಂಟೆ ನಿಂತೇ ಇರುವ ಅಂಗಡಿ ಕೆಲಸ ಹಿಡಿದರೆ ಸಂಜೆ ಅಭ್ಯಾಸಕ್ಕೆ ಕಾಲು ಉಳಿಯುವುದಿಲ್ಲ.

ಇನ್ನು ಕೆಲಸಗಳು. ಎಲ್ಲವನ್ನೂ ಹೇಳಲು ಹೋಗುವುದಿಲ್ಲ, ಹೊರಗಿನಿಂದ ಕಂಡಂತೆ ಒಳಗಿಲ್ಲದ ಕೆಲವನ್ನು ಮಾತ್ರ ಹೇಳುತ್ತೇನೆ.

ಎಲ್ಲರೂ ಮೊದಲು ಸೂಚಿಸುವುದು ಟ್ಯೂಷನ್. ಒಳ್ಳೆಯದೇ, ಗಂಟೆಗೆ ಸಿಗುವ ದುಡ್ಡೂ ಹೆಚ್ಚು. ಆದರೆ ಶಾಲಾ ಮಕ್ಕಳು ಬಿಡುವಾಗುವುದು ಸಂಜೆ ನಾಲ್ಕರಿಂದ ಎಂಟು, ತಾಲೀಮು ನಡೆಯುವ ಹೊತ್ತೂ ಅದೇ. ರಂಗಭೂಮಿಯವರು ಟ್ಯೂಷನ್ ಹಿಡಿದರೆ ನಾಟಕದ ಎರಡು ತಿಂಗಳು ಮಕ್ಕಳನ್ನು ಕಳೆದುಕೊಳ್ಳುತ್ತಾರೆ, ಇಲ್ಲವೇ ನಾಟಕವನ್ನು. ಇದಕ್ಕೆ ಪರಿಹಾರ ಹಗಲು ಬಿಡುವಿರುವ ದೊಡ್ಡವರಿಗೆ ಕಲಿಸುವುದು, ಅಥವಾ ಬೇರೆ ದೇಶದ ಗಡಿಯಾರದಲ್ಲಿರುವವರಿಗೆ ಆನ್‌ಲೈನ್ ಪಾಠ ಹೇಳುವುದು. ಯಾವುದೇ ಆದರೂ ಮೊದಲ ದಿನವೇ ಎರಡು ನಿಯಮ ಬರೆದು ಕೊಡಿ: 24 ಗಂಟೆ ಮುಂಚೆ ಹೇಳದೆ ತಪ್ಪಿಸಿದ ಪಾಠಕ್ಕೂ ಶುಲ್ಕವಿದೆ, ತಿಂಗಳ ಹಣ ಮುಂಗಡ. ಇವೆರಡು ಇಲ್ಲದಿದ್ದರೆ ಪರೀಕ್ಷೆ ಮುಗಿದ ಮರುದಿನ ಆದಾಯ ಅರ್ಧಕ್ಕಿಳಿಯುತ್ತದೆ.

ಹೋಟೆಲ್, ಕೆಫೆ, ಕೇಟರಿಂಗ್ ಕೆಲಸದ ನಿಜವಾದ ಅನುಕೂಲ ಪಾಳಿ ಬದಲಾವಣೆ. ಒಂದೇ ಕೆಲಸ ಬಲ್ಲ ಎಂಟು ಹತ್ತು ಜನ ಇರುವುದರಿಂದ ನಿಮ್ಮ ಬದಲಿಗೆ ಇನ್ನೊಬ್ಬರು ನಿಲ್ಲಬಲ್ಲರು. ಒಬ್ಬರೇ ಕೂರುವ ರಿಸೆಪ್ಷನ್ ಕೆಲಸದಲ್ಲಿ ಈ ಸೌಲಭ್ಯವಿಲ್ಲ. ನೋಡಲು ಅದು ಹಗುರ, ರಜೆ ಕೇಳಿದ ದಿನ ಅದೇ ಬಿಗಿ. ಕೆಲಸ ಆರಿಸುವಾಗ 'ನನ್ನ ಜಾಗದಲ್ಲಿ ನಾಳೆ ಎಷ್ಟು ಜನ ನಿಲ್ಲಬಹುದು' ಎಂದು ಎಣಿಸಿ ನೋಡಿ. ಉತ್ತರ ಸೊನ್ನೆಯಾದರೆ ಆಡಿಷನ್ ನಂಬಿಕೊಂಡವರು ಅಲ್ಲಿಗೆ ಹೋಗಬೇಡಿ.

ರಾತ್ರಿ ಪಾಳಿಯ ರಿಸೆಪ್ಷನ್ ಅಥವಾ ಕಾವಲು ಕೆಲಸಕ್ಕೆ ಕಲಾಲೋಕದಲ್ಲಿ ಹಳೆಯ ಗೌರವವಿದೆ. ಚಿತ್ರಕಾರ ರಾಬರ್ಟ್ ರೈಮನ್ 1953ರಿಂದ 1960ರವರೆಗೆ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಕಾವಲುಗಾರನಾಗಿದ್ದ. ಕಲಾವಿದ ಸೋಲ್ ಲೆವಿಟ್ ಅದೇ ಮ್ಯೂಸಿಯಂನಲ್ಲಿ ರಾತ್ರಿಯ ರಿಸೆಪ್ಷನಿಸ್ಟ್. ದಿನವೂ ಚಿತ್ರಗಳ ಎದುರು ನಿಲ್ಲುವುದು ಕಲಿಕೆಯೂ ಆಗುತ್ತದೆ. ಆದರೆ ರಾತ್ರಿ ಪಾಳಿ ಚಿತ್ರಕಾರರಿಗೆ ಒಗ್ಗಿದಷ್ಟು ನಟರಿಗೆ ಒಗ್ಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಬಿಡುಗಡೆ, ಹನ್ನೊಂದಕ್ಕೆ ಆಡಿಷನ್ ಎಂದರೆ ಮುಖದಲ್ಲಿ ನಿದ್ದೆ ಹಾಗೇ ಕಾಣುತ್ತದೆ. 'ಪಾಳಿಯಲ್ಲಿ ಕೂತು ಮಾತು ಬಾಯಿಪಾಠ ಮಾಡಬಹುದು' ಅನ್ನುವುದು ನಿಜವೇ, ಆದರೆ ನಿದ್ದೆಗೆಟ್ಟು ಕಲಿತದ್ದು ಮನಸ್ಸಿನಲ್ಲಿ ನಿಲ್ಲುವುದು ಕಡಿಮೆ.

ಮನೆಯಲ್ಲೇ ಕೂತು ಮಾಡುವ ಆಡಿಯೊ ಬರಹ, ಅಂದರೆ ಟ್ರಾನ್ಸ್‌ಕ್ರಿಪ್ಷನ್, ಮತ್ತು ಸಬ್‌ಟೈಟಲ್ ಕೆಲಸದಲ್ಲಿ ಹೊಸಬರು ಎಡವುವುದು ದರದ ಲೆಕ್ಕದಲ್ಲಿ. ಅಲ್ಲಿ ಹೇಳುವ ದರ ಆಡಿಯೊದ ಒಂದು ಗಂಟೆಗೆ, ನಿಮ್ಮ ಒಂದು ಗಂಟೆಗೆ ಅಲ್ಲ. ಸ್ವಚ್ಛವಾಗಿ ಒಬ್ಬರೇ ಮಾತಾಡಿದ ಒಂದು ಗಂಟೆಯ ಧ್ವನಿಯನ್ನು ಬರೆಯಲು ಅಭ್ಯಾಸ ಇದ್ದವರಿಗೆ ಸುಮಾರು ನಾಲ್ಕು ಗಂಟೆ ಬೇಕು. ನಾಲ್ವರು ಒಟ್ಟಿಗೆ ಮಾತಾಡುವ ಸಭೆಯಾದರೆ, ಹಿಂದೆ ಫ್ಯಾನ್ ಸದ್ದಿದ್ದರೆ, ಆರು ಗಂಟೆ ದಾಟುತ್ತದೆ. ಹಾಗಾಗಿ ಕಂಡ ದರವನ್ನು ನಾಲ್ಕರಿಂದ ಭಾಗಿಸಿ, ಮೊದಲ ತಿಂಗಳು ಆರರಿಂದ ಭಾಗಿಸಿ, ಆಮೇಲೆ ಹ್ಞೂಂ ಅನ್ನಿ. ಈಗ ಯಂತ್ರ ಬರೆದ ಕರಡನ್ನು ತಿದ್ದುವ ಕೆಲಸವೇ ಹೆಚ್ಚು ಬರುತ್ತದೆ. ಅದರ ದರ ಇನ್ನೂ ಕಡಿಮೆ. ಕೆಟ್ಟ ಕರಡನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಎಷ್ಟೋ ಸಲ ಬೇಗ. ಆದ್ದರಿಂದ ಒಪ್ಪುವ ಮುನ್ನ ಐದು ನಿಮಿಷದ ಮಾದರಿ ಕೇಳಿ ಪಡೆಯಿರಿ.

ಆ್ಯಪ್ ಮೂಲಕ ವಾಹನ ಓಡಿಸುವುದು, ಮನೆಮನೆಗೆ ತಲುಪಿಸುವುದು: ಲಾಗಿನ್ ಆಗುವುದು ನಮ್ಮಿಷ್ಟ ಅನ್ನುವುದು ಅಕ್ಷರಶಃ ಸತ್ಯ. ಆದರೆ ಬೇಡಿಕೆ ಇರುವುದು ಊಟದ ಹೊತ್ತಿಗೆ ಮತ್ತು ಸಂಜೆ. ಪ್ರೋತ್ಸಾಹಧನ ಸಿಗಬೇಕಾದರೆ ವಾರಕ್ಕೆ ಇಷ್ಟು ಟ್ರಿಪ್ ಎಂಬ ಗುರಿ ಮುಟ್ಟಬೇಕು. ಗುರಿ ಬಿಟ್ಟರೆ ಆದಾಯ ಸಾಲದು, ಹಿಡಿದರೆ ಸಂಜೆ ಉಳಿಯದು. ಇಂಧನ, ಟೈರು, ಸರ್ವಿಸ್, ವಿಮೆ, ವಾಹನದ ಸವಕಳಿ ಎಲ್ಲ ನಿಮ್ಮ ತಲೆಗೇ. ಖಾಸಗಿ ಬಳಕೆಯ ವಿಮೆ ಇಂಥ ಬಾಡಿಗೆ ಓಡಾಟಕ್ಕೆ ಅನ್ವಯಿಸದೇ ಇರಬಹುದು. ಪಾಲಿಸಿಯ ಆ ಸಾಲನ್ನು ಓದದೆ ಗಾಡಿ ಹೊರಗೆ ತೆಗೆಯಬೇಡಿ.

ಕಲಾವಿದರಿಗೆಂದೇ ಇರುವ, ಆದರೆ ಹೆಚ್ಚಿನವರಿಗೆ ಗೊತ್ತಿರದ ಒಂದೆರಡು ಕೆಲಸಗಳಿವೆ. ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಗೆ ರೋಗಿಯ ಪಾತ್ರ ಮಾಡುವುದು ಒಂದು. ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ 1963ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಪದ್ಧತಿ ಇದು, ಈಗ ಅನೇಕ ದೇಶಗಳ ವೈದ್ಯಕೀಯ ಕಾಲೇಜುಗಳಲ್ಲಿದೆ. ರೋಗದ ಇತಿಹಾಸ, ನೋವು ಎಲ್ಲಿ, ಯಾವಾಗಿನಿಂದ, ಮನೆಯಲ್ಲಿ ಯಾರಿಗಿತ್ತು, ಯಾವ ಪ್ರಶ್ನೆ ಕೇಳಿದರೆ ಮಾತ್ರ ಯಾವ ಉತ್ತರ, ಇಷ್ಟನ್ನೂ ಬಾಯಿಪಾಠ ಮಾಡಿ, ಒಂದೇ ದಿನದಲ್ಲಿ ಹತ್ತಾರು ವಿದ್ಯಾರ್ಥಿಗಳ ಮುಂದೆ ಕೂದಲೆಳೆಯಷ್ಟೂ ಬದಲಾಗದಂತೆ ಆಡಬೇಕು. ಪ್ರತಿ ವಿದ್ಯಾರ್ಥಿ ಹೋದಮೇಲೆ ಏನು ಕೇಳಿದ, ಏನು ಬಿಟ್ಟ ಎಂದು ಪಟ್ಟಿ ತುಂಬಬೇಕು. ನಟನಿಗೆ ಇದು ಒಳ್ಳೆಯ ಕಸರತ್ತು. ಸ್ವಂತ ಕಲ್ಪನೆ ಸೇರಿಸುವ ಚಪಲ ಇರುವವರಿಗೆ ಆಗದ ಕೆಲಸ. ದಿನಾಂಕಗಳು ಬಹಳ ಮುಂಚೆ ಗೊತ್ತಾಗುತ್ತವೆ, ಆದರೆ ಒಪ್ಪಿಕೊಂಡ ಮೇಲೆ ತಪ್ಪಿಸುವಂತಿಲ್ಲ. ಇನ್ನೊಂದು, ಕಲಾಶಾಲೆಗಳಲ್ಲಿ ಮಾಡೆಲ್ ಆಗಿ ಕೂರುವುದು. ಒಂದೆರಡು ನಿಮಿಷದ ಚುಟುಕು ಭಂಗಿಗಳಿಂದ ಶುರುವಾಗಿ 20 ನಿಮಿಷದ ಭಂಗಿ, 5 ನಿಮಿಷ ವಿಶ್ರಾಂತಿ ಎಂಬ ಸುತ್ತು ಸಾಮಾನ್ಯ. ಕುಣಿದು ಅಭ್ಯಾಸವಿರುವವರು ಇದಕ್ಕೆ ಬೇಗ ಒಗ್ಗುತ್ತಾರೆ. ದೀರ್ಘ ಭಂಗಿ ಆರಿಸುವಾಗ ಭಾರ ಎರಡೂ ಕಾಲಿಗೆ ಹಂಚಿರಲಿ, ಎತ್ತಿದ ಕೈ ಬೇಡ. ಎಂಟನೆಯ ನಿಮಿಷಕ್ಕೆ ಅದು ಜೋಮು ಹಿಡಿಯುತ್ತದೆ.

ರಂಗಮಂದಿರದ ಟಿಕೆಟ್ ಕೌಂಟರ್, ಬಾಗಿಲು ಕಾಯುವುದು, ರಂಗಸಜ್ಜಿಕೆ ಹೊರುವುದು ಕಲೆಗೆ ಹತ್ತಿರ ಎಂದು ಆಸೆಯಾಗುತ್ತದೆ. ಆದರೆ ಆ ಕೆಲಸ ಇರುವುದು ಪ್ರದರ್ಶನದ ಹೊತ್ತಿನಲ್ಲೇ. ಇತರರ ನಾಟಕ ನೋಡಲು ಅದು ಒಳ್ಳೆಯ ದಾರಿ, ನಿಮ್ಮದನ್ನು ಆಡಲು ಅಲ್ಲ.

ಇಷ್ಟು ಸೋಸಿದ ಮೇಲೆ ಉಳಿದ ಎರಡು ಮೂರು ಕೆಲಸಗಳ ನಿಜವಾದ ಗಂಟೆಯ ಬೆಲೆ ಲೆಕ್ಕ ಹಾಕಬೇಕು. ಗಂಟೆಗೆ 100 ಎಂದಿಟ್ಟುಕೊಳ್ಳಿ, ದಿನಕ್ಕೆ 6 ಗಂಟೆ, ಕೂಲಿ 600. ಹೋಗಿಬರಲು 2 ಗಂಟೆ, ಸಮವಸ್ತ್ರ ಹಾಕಿ ಬಿಚ್ಚಿ ಲೆಕ್ಕ ಒಪ್ಪಿಸಲು ಅರ್ಧ ಗಂಟೆ ಸೇರಿಸಿದರೆ ನೀವು ಕೊಟ್ಟದ್ದು 8.5 ಗಂಟೆ. ಪ್ರಯಾಣಕ್ಕೆ 60 ಕಳೆಯಿರಿ, ಉಳಿದದ್ದು 540. ಅಂದರೆ ಗಂಟೆಗೆ 63.5. ಮನೆಯ ಪಕ್ಕದಲ್ಲೇ ಗಂಟೆಗೆ 75 ಕೊಡುವ ಕೆಲಸ ಇದಕ್ಕಿಂತ ಲಾಭ, ಜೊತೆಗೆ ದಿನಕ್ಕೆ ಎರಡು ಗಂಟೆ ಉಳಿತಾಯ. ಇಬ್ಬಗೆಯ ಪಾಳಿ, ಅಂದರೆ ಬೆಳಿಗ್ಗೆ ಮೂರು ಗಂಟೆಯ ಕೆಲಸ, ಮತ್ತೆ ಸಂಜೆ ಮೂರು ಗಂಟೆಯ ಕೆಲಸ, ಸಿಕ್ಕರೆ ಲೆಕ್ಕ ಇನ್ನೂ ಕೆಡುತ್ತದೆ: ಪ್ರಯಾಣ ಎರಡು ಪಟ್ಟು, ನಡುವಿನ ಹೊತ್ತು ಯಾವುದಕ್ಕೂ ಸಾಲದು.

ಅರ್ಜಿ ಹಾಕುವಾಗ ಎರಡು ಬಯೋಡೇಟಾ ಇರಲಿ, ಕಲೆಯದು ಬೇರೆ, ಕೆಲಸದ್ದು ಬೇರೆ. ಕೆಫೆಯ ಮ್ಯಾನೇಜರಿಗೆ ನೀವು ಮಾಡಿದ ಪಾತ್ರಗಳ ಪಟ್ಟಿ ಬೇಕಿಲ್ಲ. ಅದನ್ನು ನೋಡಿದ ಕೂಡಲೇ 'ಇವರು ಮೂರು ತಿಂಗಳಲ್ಲಿ ಹೋಗುತ್ತಾರೆ' ಅನ್ನಿಸುತ್ತದೆ. ಹಾಗೆಂದು ಮುಚ್ಚಿಡುವುದೂ ಬೇಡ. ನಾಟಕಕ್ಕೆಂದು ಖಾಲಿ ಬಿದ್ದ ತಿಂಗಳುಗಳನ್ನು 'ರಂಗತಂಡದಲ್ಲಿ ಕೆಲಸ: ವೇಳಾಪಟ್ಟಿ, ತಂಡದ ನಿರ್ವಹಣೆ, ಪ್ರೇಕ್ಷಕರ ಜೊತೆ ವ್ಯವಹಾರ' ಎಂದು ಒಂದು ಸಾಲಿನಲ್ಲಿ ತುಂಬಿದರೆ ಸಾಕು. ಖಾಲಿ ಬಿಟ್ಟರೆ ಹಿನ್ನೆಲೆ ಪರಿಶೀಲನೆ ಮಾಡುವವರು ಅಲ್ಲೇ ತಡೆದು ನಿಲ್ಲುತ್ತಾರೆ, ವಾರಗಟ್ಟಲೆ ಕಡತ ಅಲುಗುವುದಿಲ್ಲ.

ಸಂದರ್ಶನದಲ್ಲಿ ನೀವು ಕೇಳಬೇಕಾದ ಪ್ರಶ್ನೆಗಳು ಅವರು ಕೇಳುವುದಕ್ಕಿಂತ ಮುಖ್ಯ. ಪಾಳಿಯ ಪಟ್ಟಿ ಯಾವ ವಾರ ಹೊರಬರುತ್ತದೆ? ಎಷ್ಟು ದಿನ ಮುಂಚೆ? ಬಂದ ಮೇಲೆ ಬದಲಾಯಿಸುವುದು ಯಾರು, ಸಹೋದ್ಯೋಗಿ ಒಪ್ಪಿದರೆ ಸಾಕೋ ಮ್ಯಾನೇಜರ್ ಸಹಿ ಬೇಕೋ? ವಾರಕ್ಕೆ ಕನಿಷ್ಠ ಎಷ್ಟು ಪಾಳಿ ಮಾಡಬೇಕು, ಎಷ್ಟು ಖಂಡಿತ ಕೊಡುತ್ತೀರಿ? ಯಾರಿಗೂ ರಜೆ ಇಲ್ಲದ ದಿನಗಳು ಯಾವುವು? ಸಂಬಳವಿಲ್ಲದ ರಜೆ ಒಟ್ಟಿಗೆ ಎರಡು ವಾರ ಸಿಗುತ್ತದೆಯೇ? ಕೊನೆಯದು ನಾಟಕದವರಿಗೆ, ಪ್ರವಾಸ ಹೋಗುವ ಸಂಗೀತಗಾರರಿಗೆ ಪ್ರಾಣ. 'ನೋಡೋಣ, ಹೊಂದಿಸಿಕೊಳ್ಳೋಣ' ಎಂಬ ಉತ್ತರ ಬಂದರೆ ಅದನ್ನು 'ಇಲ್ಲ' ಎಂದೇ ಬರೆದುಕೊಳ್ಳಿ. ಒಪ್ಪಿದ್ದನ್ನು ಅದೇ ಸಂಜೆ ಒಂದು ಇಮೇಲ್‌ನಲ್ಲಿ ಹಾಕಿ: 'ಇಂದು ಮಾತಾಡಿದಂತೆ, ಮಂಗಳವಾರ ಮತ್ತು ಗುರುವಾರ ಸಂಜೆ ಐದರ ನಂತರ ನನಗೆ ಪಾಳಿ ಇರುವುದಿಲ್ಲ.' ಮಾತು ಕೊಟ್ಟ ಮ್ಯಾನೇಜರ್ ವರ್ಗವಾಗಿ ಹೋದಾಗ ಉಳಿಯುವುದು ಅದೊಂದೇ.

ಆಯ್ಕೆಯಾದ ಮೇಲೆ ಕಾಗದಪತ್ರದ ಸರದಿ. ಗುರುತಿನ ಚೀಟಿ, ವಿಳಾಸದ ಪುರಾವೆ, ಓದಿನ ಪ್ರಮಾಣಪತ್ರ, ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಹಿಂದಿನ ಕಡೆಯಿಂದ ಬಿಡುಗಡೆ ಪತ್ರ, ಪರಿಚಯ ಹೇಳಬಲ್ಲ ಇಬ್ಬರ ಹೆಸರು: ಇವು ಎಲ್ಲೆಡೆ ಕೇಳುವಂಥವು. ಕಲಾವಿದರಿಗೆ ಬರುವ ವಿಶೇಷ ತೊಡಕು ಎರಡು. ರಂಗನಾಮದಲ್ಲಿ ಹಣ ಪಡೆದಿದ್ದರೆ ಆ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ತಾಳೆಯಾಗುವುದಿಲ್ಲ. ತಂಡದಿಂದ ತಂಡಕ್ಕೆ, ಸ್ನೇಹಿತರ ಕೋಣೆಯಿಂದ ಕೋಣೆಗೆ ಓಡಾಡಿದವರ ಹೆಸರಲ್ಲಿ ವಿಳಾಸದ ಪುರಾವೆಯೇ ಇರುವುದಿಲ್ಲ. ಎರಡನ್ನೂ ಹುಡುಕಾಟ ಶುರುವಾಗುವ ಮೊದಲೇ ಸರಿಪಡಿಸಿಕೊಳ್ಳಿ, ಕೆಲಸ ಸಿಕ್ಕಮೇಲೆ ಓಡಾಡಿದರೆ ಸೇರುವ ದಿನ ಮುಂದೆ ಹೋಗುತ್ತದೆ. ಸಮವಸ್ತ್ರದ ಠೇವಣಿ, ತರಬೇತಿ ಶುಲ್ಕ, ನೋಂದಣಿ ಎಂದು ಕೆಲಸ ಕೊಡುವ ಮೊದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನೇಮಕದ ಕರಾರಿನಲ್ಲಿ ನೇರವಾಗಿ ಮೂರು ಕಡೆ ಬೆರಳಿಡಿ. ಮೊದಲನೆಯದು, ಬೇರೆಲ್ಲೂ ಸಂಪಾದನೆ ಮಾಡಕೂಡದು ಎಂಬ ಷರತ್ತು. ಬಹುಪಾಲು ಕಂಪನಿಗಳು ಇದನ್ನು ಹಾಕುವುದು ಪ್ರತಿಸ್ಪರ್ಧಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಆದರೆ ಅಕ್ಷರಗಳಲ್ಲಿ ನಿಮ್ಮ ನಾಟಕದ ಸಂಭಾವನೆಯೂ ಅದರೊಳಗೆ ಬರುತ್ತದೆ. 'ಪ್ರದರ್ಶನ ಕಲೆಗಳನ್ನು ಹೊರತುಪಡಿಸಿ' ಎಂಬ ಮೂರು ಪದ ಸೇರಿಸಿ ಎಂದು ಕೇಳಿ. ಹೆಚ್ಚಿನವರು ತಕರಾರಿಲ್ಲದೆ ಸೇರಿಸುತ್ತಾರೆ, ಯಾಕೆಂದರೆ ಅವರಿಗೂ ಅದರಿಂದ ನಷ್ಟವಿಲ್ಲ. ಎರಡನೆಯದು ಹಕ್ಕುಸ್ವಾಮ್ಯ. ವಿನ್ಯಾಸ, ವಿಡಿಯೊ, ಬರವಣಿಗೆಯ ಕೆಲಸಕ್ಕೆ ಸೇರುವವರು ಇದನ್ನು ಎರಡು ಸಲ ಓದಬೇಕು. 'ಉದ್ಯೋಗದ ಅವಧಿಯಲ್ಲಿ ರಚಿಸಿದ ಎಲ್ಲವೂ ಕಂಪನಿಗೆ ಸೇರುತ್ತದೆ' ಎಂದಿದ್ದರೆ ರಾತ್ರಿ ಮನೆಯಲ್ಲಿ ಬರೆದ ಚಿತ್ರಕಥೆಯೂ ತಗಾದೆಗೆ ಬರಬಹುದು. ಅದು 'ಉದ್ಯೋಗದ ಕರ್ತವ್ಯದ ಭಾಗವಾಗಿ ರಚಿಸಿದ್ದು' ಎಂದಾಗಬೇಕು. ಸ್ವಂತ ಕೆಲಸಕ್ಕೆ ಕಂಪನಿಯ ಲ್ಯಾಪ್‌ಟಾಪ್ ಮುಟ್ಟಬೇಡಿ, ಜಗಳ ಹುಟ್ಟುವುದೇ ಅಲ್ಲಿ. ಮೂರನೆಯದು ಬಿಡುವಾಗಿನ ನೋಟಿಸ್. ಒಳ್ಳೆಯ ಪಾತ್ರ ಸಿಕ್ಕಾಗ ಮೂರು ತಿಂಗಳ ನೋಟಿಸ್ ಕೊಡುವಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಒಂದು ತಿಂಗಳಿಗಿಂತ ಹೆಚ್ಚಿದ್ದರೆ, ಅಥವಾ ಇಷ್ಟು ಅವಧಿ ದುಡಿಯಲೇಬೇಕೆಂಬ ಬಾಂಡ್ ಇದ್ದರೆ, ಅದು ನಿಮ್ಮ ಕೆಲಸವಲ್ಲ.

ಆಮೇಲೆ ಕಾಯುವುದು. ಪರಿಶೀಲನೆ ಮುಗಿಯಬೇಕು, ಖಾತೆ ತೆರೆಯಬೇಕು, ಸೇರುವ ದಿನ ಬರಬೇಕು. ಈ ಅವಧಿಯಲ್ಲಿ ಮನಸ್ಸು ಎರಡು ದಿಕ್ಕಿಗೆ ಎಳೆಯುತ್ತದೆ: ಕೆಲಸ ಸಿಕ್ಕಿದೆ ಎಂಬ ನಿರಾಳ ಒಂದು ಕಡೆ, ಕಲೆ ಕೈಬಿಟ್ಟೆನೇನೋ ಎಂಬ ಕಳವಳ ಇನ್ನೊಂದು ಕಡೆ. ಮನೆಯವರು 'ಕೊನೆಗೂ ಒಂದು ಕೆಲಸ ಹಿಡಿದ್ಯಲ್ಲ' ಎಂದು ಸಂತೋಷಪಟ್ಟಷ್ಟೂ ಎರಡನೆಯದು ಹೆಚ್ಚುತ್ತದೆ. ಇದಕ್ಕೆ ಮದ್ದಿಲ್ಲ, ತರಬೇತಿ ಶುರುವಾದ ಮೇಲೆ ಯೋಚಿಸಲು ಹೊತ್ತಿರುವುದಿಲ್ಲ ಅಷ್ಟೇ.

ತರಬೇತಿಯೇ ಯಾರೂ ಮುಂಚೆ ಹೇಳದ ಅಡಚಣೆ. ಕೆಲಸ ಎಷ್ಟೇ ಸಡಿಲವಿರಲಿ, ಮೊದಲ ಎರಡು ಮೂರು ವಾರ ಬೆಳಿಗ್ಗೆಯಿಂದ ಸಂಜೆವರೆಗೆ ಹಾಜರಿರಬೇಕು, ಒಂದು ದಿನ ತಪ್ಪಿದರೆ ಮುಂದಿನ ತಂಡದ ಜೊತೆ ಮೊದಲಿನಿಂದ. ಪ್ರೊಬೇಷನ್ ಮುಗಿಯುವವರೆಗೆ ಪಾಳಿ ಬದಲಾವಣೆ ಇಲ್ಲ ಎಂಬ ನಿಯಮ ಹಲವು ಕಡೆ ಇದೆ. ಆದ್ದರಿಂದ ನಾಟಕದ ಕೊನೆಯ ತಿಂಗಳಲ್ಲಿ ಹೊಸ ಕೆಲಸಕ್ಕೆ ಸೇರಬೇಡಿ. ಪ್ರದರ್ಶನ ಮುಗಿದ ಮರುವಾರ ಸೇರಿ. ತರಬೇತಿಗೆ ಹಣ ಕೊಡುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ.

ಹಣ ಬರುವುದು ಅಂದುಕೊಂಡದ್ದಕ್ಕಿಂತ ತಡ. ತಿಂಗಳ ನಡುವೆ ಸೇರಿದರೆ ಆ ತಿಂಗಳ ಲೆಕ್ಕ ಆಗಲೇ ಮುಚ್ಚಿರುತ್ತದೆ, ಮುಂದಿನ ತಿಂಗಳ ಕೊನೆಗೆ ಎರಡೂ ಸೇರಿ ಬರುತ್ತದೆ. ಬಿಡಿ ಕೆಲಸದವರಿಗೆ ಬಿಲ್ ಕೊಟ್ಟು 30ರಿಂದ 60 ದಿನ ಕಾಯುವುದು ಮಾಮೂಲು. ಎರಡು ತಿಂಗಳ ಬಾಡಿಗೆ ಮತ್ತು ಊಟದ ಖರ್ಚು ಕೈಯಲ್ಲಿಲ್ಲದೆ ಹಳೆಯ ಕೆಲಸ ಬಿಡಬೇಡಿ. ಬಿಡಿ ಸಂಪಾದನೆಯಲ್ಲಿ ತೆರಿಗೆ ಮೊದಲೇ ಕಡಿತವಾಗದಿದ್ದರೆ ಬಂದ ದಿನವೇ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ. ತಿಂಗಳ ಖರ್ಚನ್ನು ಸರಾಸರಿ ಆದಾಯಕ್ಕೆ ಹೊಂದಿಸದೆ, ಕಳೆದ ವರ್ಷದ ಅತಿ ಕಡಿಮೆ ಬಂದ ತಿಂಗಳಿಗೆ ಹೊಂದಿಸಿ.

ಪಾಳಿ ಬದಲಾವಣೆ ನಡೆಯುವುದು ನಿಯಮದ ಮೇಲಲ್ಲ, ಋಣದ ಮೇಲೆ. ನಿಮಗೆ ಬೇಕಾಗುವ ಮೊದಲೇ ಬೇರೆಯವರ ಎರಡು ಮೂರು ಪಾಳಿ ಹೊತ್ತಿರಬೇಕು, ಅದೂ ಯಾರೂ ಬಯಸದ ಭಾನುವಾರ ಬೆಳಗಿನದ್ದು. ಯಾರ ಪಾಳಿ ನೀವು ಮಾಡಿದಿರಿ, ನಿಮ್ಮದು ಯಾರು ಮಾಡಿದರು ಎಂದು ಫೋನಿನಲ್ಲಿ ಬರೆದಿಡಿ. ಕೇಳುವಾಗ 'ಯಾರಾದರೂ ಬರ್ತೀರಾ' ಎಂದು ಗುಂಪಿನಲ್ಲಿ ಹಾಕಿದರೆ ಯಾರೂ ಬರುವುದಿಲ್ಲ. ಒಬ್ಬರಿಗೇ ನೇರವಾಗಿ, ಬದಲಿಗೆ ಏನು ಕೊಡುತ್ತೀರೆಂದೂ ಸೇರಿಸಿ ಕೇಳಿ: 'ಗುರುವಾರ ಎರಡರಿಂದ ಆರು ನೀವು ನೋಡಿಕೊಳ್ಳಿ, ಶನಿವಾರದ ನಿಮ್ಮ ರಾತ್ರಿ ಪಾಳಿ ನನಗಿರಲಿ.' ಇಬ್ಬರೂ ಒಪ್ಪಿದ ಮೇಲೆ ಮ್ಯಾನೇಜರಿಗೆ ಇಬ್ಬರಿಂದಲೂ ಸಂದೇಶ ಹೋಗಬೇಕು. ಒಪ್ಪಿದವರು ಆ ದಿನ ಬರದಿದ್ದರೆ ಗೈರುಹಾಜರಿ ಬೀಳುವುದು ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರಿಗೆ. ಹುಷಾರಿಲ್ಲ ಎಂದು ಸುಳ್ಳು ಹೇಳುವ ದಾರಿ ಬೇಡ. ನಾಟಕದ ಫೋಟೊ, ಪೋಸ್ಟರ್ ಅದೇ ರಾತ್ರಿ ಎಲ್ಲರ ಫೋನಿಗೆ ಬರುತ್ತದೆ. ನಿಮ್ಮ ಕೆಲಸವೇ ಜನರ ಕಣ್ಣಿಗೆ ಬೀಳುವುದು.

ಆರು ತಿಂಗಳು ಚೆನ್ನಾಗಿ ಮಾಡಿದರೆ ಮೇಲ್ವಿಚಾರಕನಾಗು ಎಂಬ ಮಾತು ಬರುತ್ತದೆ. ಸಂಬಳ ಸ್ವಲ್ಪ ಹೆಚ್ಚು, ಹೊಗಳಿಕೆ ಜಾಸ್ತಿ. ಆದರೆ ಅಲ್ಲಿಂದ ಮುಂದೆ ಬೇರೆಯವರು ಗೈರಾದಾಗ ಓಡಿ ಬರಬೇಕಾದವರು ನೀವು. ಬದಲಿಯಾಗಿ ನಿಲ್ಲಬಲ್ಲವರು ಕೆಳಗೆ ಹತ್ತು ಜನ ಇದ್ದರೂ ನಿಮ್ಮ ಜಾಗಕ್ಕೆ ಒಬ್ಬರೂ ಇರುವುದಿಲ್ಲ. ಬೇಡ ಅನ್ನುವುದಾದರೆ ಕಾರಣವನ್ನು ನಯವಾಗಿ ಹೇಳಿ, ಬದಲಿಗೆ ಹೊಸಬರಿಗೆ ತರಬೇತಿ ಕೊಡುವ ಹೆಚ್ಚುವರಿ ಪಾಳಿ ಕೇಳಿ. ಅದಕ್ಕೆ ದುಡ್ಡೂ ಉಂಟು, ದಿನಾಂಕವೂ ಮುಂಚೆ ಗೊತ್ತಾಗುತ್ತದೆ.

ಮೊದಲ ದೊಡ್ಡ ಅವಕಾಶ ಬಂದ ದಿನವೇ ರಾಜೀನಾಮೆ ಬರೆಯಬೇಕಿಲ್ಲ. ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಕೊಳಾಯಿ ಕೆಲಸ ಮಾಡಿದವನು, ಟ್ಯಾಕ್ಸಿ ಓಡಿಸಿದವನು. 1976ರಲ್ಲಿ ಅವನ ಆಪೆರಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸ್‌ನಲ್ಲಿ ಪ್ರದರ್ಶನವಾದ ಮೇಲೂ ಟ್ಯಾಕ್ಸಿಗೆ ವಾಪಸ್ ಹೋದ, ಏಕೆಂದರೆ ಆ ನಿರ್ಮಾಣ ತಂಡವನ್ನು ಸಾಲದಲ್ಲಿ ಬಿಟ್ಟಿತ್ತು. ಕರಾರು ಸಹಿಯಾಗಿ, ಮುಂಗಡ ಖಾತೆಗೆ ಬಂದು, ಚಿತ್ರೀಕರಣದ ದಿನಾಂಕ ಎರಡು ಸಲ ಮುಂದೆ ಹೋಗದೆ ನಿಂತ ಮೇಲೆ ನೋಟಿಸ್ ಕೊಟ್ಟರೂ ತಡವಾಗುವುದಿಲ್ಲ.

ಬಿಡುವಾಗ ನೋಟಿಸ್ ಅವಧಿಯನ್ನು ಪೂರ್ತಿ ಮಾಡಿ, ಸಮವಸ್ತ್ರ, ಕೀ, ಗುರುತಿನ ಕಾರ್ಡ್ ಒಪ್ಪಿಸಿ ರಸೀದಿ ಪಡೆಯಿರಿ. ಬಿಡುಗಡೆ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಬಾಕಿ ರಜೆಯ ಲೆಕ್ಕ, ಈ ಮೂರೂ ಕಂಪನಿಯ ಇಮೇಲ್ ಮುಚ್ಚುವ ಮೊದಲೇ ನಿಮ್ಮ ಸ್ವಂತ ಇಮೇಲ್‌ಗೆ ಬಂದಿರಲಿ. ಬಿಡಿ ಪಾಳಿಗೆ ಬೇಕಾದಾಗ ಕರೆಯುವವರ ಪಟ್ಟಿ ಅಲ್ಲಿದ್ದರೆ ಹೆಸರು ಬರೆಸಿ ಬನ್ನಿ. ಎರಡು ನಿರ್ಮಾಣಗಳ ನಡುವಿನ ಖಾಲಿ ತಿಂಗಳಲ್ಲಿ ಹೊಸ ಪರಿಶೀಲನೆ, ಹೊಸ ತರಬೇತಿ ಯಾವುದೂ ಇಲ್ಲದೆ ವಾರಕ್ಕೆ ಎರಡು ಪಾಳಿ ಸಿಗುವುದು ಆ ಪಟ್ಟಿಯಿಂದಲೇ.